ನೀಲಿ-ಕೆಂಪು ಡಿಮ್, ನೀಲಿ-ಬಿಳಿ ಬ್ರೈಟ್

ಕಾರಿಗೆ ಇನ್ನೂ ಮೂಗಿಲ್ಲ, ನಂಬರ್ ಪ್ಲೇಟಿಲ್ಲ, ಕೂರಲು ಸೀಟೂ ಇಲ್ಲ. ಒಂದಂಗುಲದ ಚೌಕ ಕೊಳವೆಗಳನ್ನು ವೆಲ್ಡ್ ಮಾಡಿ ಕಟ್ಟಿದ ಕರಿಯ ಚೌಕಟ್ಟು, ಅದರ ಪಕ್ಕೆಗಳಿಗೆ ರಿವೆಟ್ ಹೊಡೆದು ಕೂರಿಸಿದ ಅಲ್ಯೂಮಿನಿಯಂ ತಗಡು, ಮುಂದೆ ಹಳೆಯ ಫೋರ್ಡ್ ಎಸ್ಕಾರ್ಟ್‌ನಿಂದ ಬಿಚ್ಚಿ ತಂದ ಎಂಜಿನ್, ಹಿಂದೆ ಅದೇ ಕಾರಿನ ಆಕ್ಸಲ್. ಡ್ಯಾಶ್‌ಬೋರ್ಡ್ ಇರಬೇಕಾದ ಕಡೆ ಸದ್ಯಕ್ಕೊಂದು ಪ್ಲೈವುಡ್ ಹಲಗೆ. ಅದರ ತೂತುಗಳಿಂದ ಬಣ್ಣಬಣ್ಣದ ವೈರುಗಳು ಮೊಣಕಾಲಿನವರೆಗೆ ಇಳಿಬಿದ್ದಿವೆ. ಪ್ರತಿಯೊಂದರ ತುದಿಗೂ ಬಿಳಿ ಟೇಪಿನ ಚೀಟಿ; ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ ಪುಟ್ಟ ಸಂಖ್ಯೆ. ಚೌಕಟ್ಟಿನ ಮುಂಭಾಗದಲ್ಲಿ ಎರಡು ಕಬ್ಬಿಣದ ಕೈಗಳ ಮೇಲೆ ಏಳಂಗುಲದ ಎರಡು ದುಂಡು ಹೆಡ್‌ಲೈಟುಗಳು ಕೂತಿವೆ. ಅವುಗಳ ಬೆನ್ನಿನಿಂದಲೂ ಮೂರು ಮೂರು ವೈರು ಹೊರಬಂದು, ಸೇರುವ ಜಾಗ ಗೊತ್ತಿಲ್ಲದೆ ಗಾಳಿಯಲ್ಲಿ ನಿಂತಿವೆ.

ಇದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಒಂದು ಹಳ್ಳಿ. ನವೆಂಬರ್ ತಿಂಗಳು; ನಾಲ್ಕೂವರೆಗೆಲ್ಲ ಕತ್ತಲಾಗಿ, ಮಳೆ ಜಿನುಗುತ್ತಿದೆ. ಗ್ಯಾರೇಜಿನ ಬಾಗಿಲನ್ನು ಅರ್ಧಕ್ಕೆ ಇಳಿಸಿ, ಮೂಲೆಯಲ್ಲೊಂದು ಹೀಟರ್ ಹಚ್ಚಿಟ್ಟುಕೊಂಡು ನಮ್ಮ ನೆರೆಯ ಹಿರಿಯರು ಕಾರಿನ ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿದ್ದಾರೆ. ತಲೆ ಸ್ಟೀರಿಂಗ್ ಕೆಳಗೆ, ಕಾಲು ಹೊರಗೆ. ಆಚೆ ಬದಿಯಲ್ಲಿ ಅವರ ಮಗಳು ಕ್ರಿಂಪಿಂಗ್ ಇಕ್ಕಳ ಹಿಡಿದು ನಿಂತಿದ್ದಾಳೆ. ಅವಳದು ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಕೆಲಸ. ವೈರಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಇರಲೇಬೇಕೆಂದು ಹಟ ಹಿಡಿದವಳು ಅವಳೇ.

"ಕಂದು ವೈರನ್ನು ಮಾತ್ರ ಮುಟ್ಟಬೇಡಿ. ಅದು ಬ್ಯಾಟರಿಯಿಂದ ನೇರ ಬಂದಿದೆ, ಫ್ಯೂಸ್ ಇಲ್ಲ" ಎಂದು ಒಳಗಿಂದ ಹಿರಿಯರ ದನಿ ಬರುತ್ತದೆ.

"ಮೈನಸ್ ಬಿಚ್ಚಿಟ್ಟಿದ್ದೀನಿ ಅಪ್ಪಾ" ಎನ್ನುತ್ತಾಳೆ ಮಗಳು.

"ಬಿಚ್ಚಿದ್ದರೂ ಮುಟ್ಟಬಾರದು. ಅಭ್ಯಾಸ ಕೆಡುತ್ತೆ."

ಮನೆಯ ಗ್ಯಾರೇಜಿನಲ್ಲಿ ಕಾರು ಕಟ್ಟುವುದು ಈ ದೇಶದಲ್ಲಿ ಹಳೆಯ ಹವ್ಯಾಸ. ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ, ಹಗುರ ಕಾರನ್ನು ತಂದರು. ಪೂರ್ತಿ ಜೋಡಿಸಿದ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿದರೆ ಇಲ್ಲ. ಹೀಗಾಗಿ ಸಾವಿರಾರು ಜನ ಪೆಟ್ಟಿಗೆಗಳಲ್ಲಿ ಕಾರು ತರಿಸಿಕೊಂಡು ಸ್ಪ್ಯಾನರ್ ಹಿಡಿದರು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಹವ್ಯಾಸ ಮಾತ್ರ ನಿಲ್ಲಲಿಲ್ಲ. ಇದೇ ಕೌಂಟಿಯ ಔಂಡಲ್ ಶಾಲೆಯಲ್ಲಿ ಮೇಷ್ಟರಾಗಿದ್ದ ರಾನ್ ಚಾಂಪಿಯನ್, 250 ಪೌಂಡಿನಷ್ಟು ಕಡಿಮೆ ಖರ್ಚಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು 1996ರಲ್ಲಿ ಒಂದು ಪುಸ್ತಕ ಬರೆದರು. ಕೊಳವೆ ಕತ್ತರಿಸುವ ಅಳತೆಯಿಂದ ಹಿಡಿದು ಗುಜರಿ ಎಸ್ಕಾರ್ಟ್‌ನಿಂದ ಏನೇನು ಬಿಚ್ಚಬೇಕೆಂಬವರೆಗೆ ಎಲ್ಲವೂ ಅದರಲ್ಲಿತ್ತು. ಆ ಜಾಡಿನಲ್ಲಿ ಹುಟ್ಟಿದ ಕಾರುಗಳಿಗೆ ‘ಲೋಕಾಸ್ಟ್’ ಎಂದೇ ಹೆಸರು. ನಮ್ಮ ಮುಂದಿರುವುದೂ ಅಂಥದ್ದೇ.

ವೆಲ್ಡಿಂಗ್ ಮಾಡುವಾಗ ಊರವರೆಲ್ಲ ಬಂದು ನೋಡುತ್ತಾರೆ. ಎಂಜಿನ್ ಇಳಿಸುವ ದಿನ ಕೈಹಾಕಲು ಹತ್ತು ಜನ ಇರುತ್ತಾರೆ. ವೈರಿಂಗ್ ಹಾಗಲ್ಲ. ವಾರಗಟ್ಟಲೆ ಕೂತು ಮಾಡಿದ್ದನ್ನು ಕೊನೆಗೆ ಟೇಪು ಸುತ್ತಿ, ತಗಡಿನ ಹಿಂದೆ ಬಚ್ಚಿಟ್ಟು, ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಬಿಡಬೇಕು. ಮನೆಯಲ್ಲಿ ಕಟ್ಟಿದ ಕಾರಿನ ನಿಜವಾದ ಯೋಗ್ಯತೆಯನ್ನು ನಾನಂತೂ ಇಲ್ಲೇ ಅಳೆಯುತ್ತೇನೆ. ಹೊಳೆಯುವ ಬಣ್ಣ ಹಣಕ್ಕೆ ಸಿಗುತ್ತದೆ, ಕಾಣದ ಕಡೆಯ ಶಿಸ್ತು ಹಾಗೆ ಸಿಗುವುದಿಲ್ಲ.

ಹಿರಿಯರು ಮೊದಲು ವೈರು ಮುಟ್ಟಲೇ ಇಲ್ಲ. ಒಂದು ಉಂಡೆ ಸೆಣಬಿನ ದಾರ ತಂದು, ಬ್ಯಾಟರಿಯಿಂದ ಫ್ಯೂಸ್ ಬಾಕ್ಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಅಲ್ಲಿಂದ ಚೌಕಟ್ಟಿನ ಮೇಲಿನ ಕೊಳವೆ ಹಿಡಿದು ಎಡ ದೀಪಕ್ಕೆ, ಬಲ ದೀಪಕ್ಕೆ ಎಂದು ದಾರವನ್ನೇ ಓಡಿಸಿದರು. ಎಕ್ಸಾಸ್ಟ್ ಕೊಳವೆಯ ಹತ್ತಿರ ಹೋದ ದಾರವನ್ನು ಆಚೆ ಬದಿಗೆ ತಿರುಗಿಸಿದರು. ಸ್ಟೀರಿಂಗ್ ತಿರುಗುವಾಗ ಚಕ್ರ ಎಲ್ಲಿಗೆ ಬರುತ್ತದೆಂದು ತಿರುಗಿಸಿ ನೋಡಿದರು. ದಾರ ಒಪ್ಪಿತವಾದ ಮೇಲೆ ಅದನ್ನು ಬಿಚ್ಚಿ, ಅಳತೆಗೆ ಒಂದು ಗೇಣು ಹೆಚ್ಚೇ ಇಟ್ಟು ವೈರು ಕತ್ತರಿಸಿದರು.

ಬಣ್ಣಗಳ ವಿಷಯದಲ್ಲಿ ಅವರಿಗೆ ಚರ್ಚೆಯೇ ಇಲ್ಲ. ಸದಾ ಜೀವಂತವಾಗಿರುವ ಬ್ಯಾಟರಿ ಲೈನಿಗೆ ಕಂದು. ಕೀ ತಿರುಗಿಸಿದರೆ ಜೀವ ಬರುವುದಕ್ಕೆ ಬಿಳಿ. ಅದೇ ಫ್ಯೂಸ್ ದಾಟಿ ಬಂದರೆ ಹಸಿರು. ಪಾರ್ಕಿಂಗ್ ಲೈಟಿಗೆ ಕೆಂಪು. ಹೆಡ್‌ಲೈಟಿಗೆ ನೀಲಿ, ಡಿಪ್ ಸ್ವಿಚ್ ದಾಟಿದ ಮೇಲೆ ಡಿಮ್ಮಿಗೆ ನೀಲಿಯ ಮೇಲೆ ಕೆಂಪು ಗೆರೆ, ಬ್ರೈಟಿಗೆ ನೀಲಿಯ ಮೇಲೆ ಬಿಳಿ ಗೆರೆ. ಎಡ ಇಂಡಿಕೇಟರಿಗೆ ಹಸಿರು-ಕೆಂಪು, ಬಲಕ್ಕೆ ಹಸಿರು-ಬಿಳಿ, ಬ್ರೇಕ್ ಲೈಟಿಗೆ ಹಸಿರು-ನೇರಳೆ. ಅರ್ತಿಗೆ ಕಪ್ಪು.

ಇದು ಲೂಕಾಸ್ ಪದ್ಧತಿ. ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ತಳ್ಳುಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಜೋಸೆಫ್ ಲೂಕಾಸ್, ಹಡಗಿನ ದೀಪ, ಸೈಕಲ್ ದೀಪ ಮಾಡುತ್ತ ಬೆಳೆಸಿದ ಸಂಸ್ಥೆ ಮುಂದೆ ಬ್ರಿಟನ್ನಿನ ಬಹುಪಾಲು ಕಾರುಗಳಿಗೆ ವಿದ್ಯುತ್ ಸಾಮಾನು ಒದಗಿಸಿತು. 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಶುರುವಾಯಿತು. ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಿಂದ ಬಂದ ನಮ್ಮ ಅಂಬಾಸಿಡರ್ ಕಾರಿನ ಹೊಟ್ಟೆಯೊಳಗೂ ಇದೇ ಸಂಪ್ರದಾಯದ ವೈರುಗಳು ಓಡಿದವು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತ ಅಂಬಾಸಿಡರ್ ರಿಪೇರಿ ಮಾಡಿಯೇ ಕೂದಲು ನರೆತ ಆಟೋ ಎಲೆಕ್ಟ್ರಿಷಿಯನ್ನರನ್ನು ಕರೆತಂದು ಈ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಭಾಷೆ ಬಾರದೆಯೂ ಕೆಲಸ ಮುಂದುವರಿಸುತ್ತಾರೆ ಎಂದು ನನಗೆ ಖಾತ್ರಿಯಿದೆ. ದೀಪದ ಗಾಜು ಕೂಡ ಅವರಿಗೆ ಪರಿಚಿತವೇ. ಜೀಪಿಗೆ, ಅಂಬಾಸಿಡರಿಗೆ, ಬುಲೆಟ್ಟಿಗೆ ಇದ್ದದ್ದೂ ಇದೇ ಏಳಂಗುಲದ ದುಂಡು. ಎರಡೂ ದೇಶದಲ್ಲಿ ಎಡಬದಿಯ ಓಡಾಟವಾದ್ದರಿಂದ ಡಿಮ್ ಬೆಳಕಿನ ಮೇಲಂಚು ಎಡಕ್ಕೆ ಏರುವ ಹಾಗೆ ಗಾಜಿನ ಗೆರೆಗಳಿರುತ್ತವೆ. ಎಡಗಡೆಯ ರಸ್ತೆಯಂಚು, ಅಲ್ಲಿ ನಡೆಯುವವರು ಕಾಣಬೇಕು. ಬಲದಿಂದ ಎದುರು ಬರುವವರ ಕಣ್ಣು ಉಳಿಯಬೇಕು.

ಮಗಳು ಈಗ ದಪ್ಪ ವೈರು ಎಳೆಯುತ್ತಿದ್ದಾಳೆ. ಎರಡೂವರೆ ಚದರ ಮಿಲಿಮೀಟರಿನದು. ಇಷ್ಟು ದಪ್ಪ ಏಕೆ ಎಂದು ಕೇಳಿದೆ. ಉತ್ತರವಾಗಿ ಅವಳು ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಳು. ಇದರಲ್ಲಿರುವುದು ಎಚ್4 ಹ್ಯಾಲೊಜೆನ್ ಬಲ್ಬು. 1971ರಿಂದ ರಸ್ತೆಯಲ್ಲಿರುವ ಮಾದರಿ. ಒಂದೇ ಬುರುಡೆಯಲ್ಲಿ ಎರಡು ಫಿಲಮೆಂಟು. ಡಿಮ್ಮಿಗೆ 55 ವ್ಯಾಟ್, ಬ್ರೈಟಿಗೆ 60. ಎರಡೂ ದೀಪದ ಡಿಮ್ ಸೇರಿದರೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಒಂಬತ್ತು ಆಂಪಿಯರಿಗೂ ಮೇಲೆ. ಅದನ್ನು ಒಂದು ಚದರ ಮಿಲಿಮೀಟರಿನ ತೆಳು ವೈರಿನಲ್ಲಿ ಐದು ಮೀಟರ್ ಓಡಿಸಿದರೆ ದಾರಿಯಲ್ಲೇ 0.8 ವೋಲ್ಟ್ ಹೋಗುತ್ತದೆ.

"ಮುಕ್ಕಾಲು ವೋಲ್ಟ್ ತಾನೇ?" ಎಂದೆ.

"ಬೆಳಕು ಆ ಲೆಕ್ಕದಲ್ಲಿ ಇಳಿಯಲ್ಲ" ಎಂದಳು. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕುಸಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಕುಸಿಯುತ್ತದೆ. 0.8 ವೋಲ್ಟ್ ಹೋದರೆ ಐದನೇ ಒಂದು ಪಾಲು ಬೆಳಕು ಹೋಯಿತು. ಇದಕ್ಕೆ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟು, ಸಡಿಲ ಕಪ್ಲರುಗಳ ನಷ್ಟ ಬೇರೆ. ಹಳೆಯ ಗಾಡಿಗಳ ದೀಪ ಹಳದಿಯಾಗಿ ಮಂಕಾಗಿ ಉರಿಯುವುದಕ್ಕೆ ಬಲ್ಬು ಎಷ್ಟೋ ಸಲ ಕಾರಣವೇ ಅಲ್ಲ. ಬಲ್ಬಿಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ, ಅಷ್ಟೇ.

ಅದಕ್ಕೇ ರಿಲೇ. ಎಂಜಿನ್ ಕೋಣೆಯ ಗೋಡೆಗೆ ಸಾಲಾಗಿ ಕೂರಿಸಿದ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕರಿಯ ಡಬ್ಬಿಗಳು. ಪ್ರತಿಯೊಂದರ ಅಡಿಯಲ್ಲಿ 30, 85, 86, 87 ಎಂದು ಸಂಖ್ಯೆ ಕೊರೆದಿರುತ್ತದೆ. ಜರ್ಮನ್ ಮಾನದಂಡದಿಂದ ಬಂದ ಈ ಸಂಖ್ಯೆಗಳು ಇವತ್ತು ಜಗತ್ತಿನ ಯಾವ ಮೆಕ್ಯಾನಿಕ್ಕಿಗೂ ಗೊತ್ತು. 30ಕ್ಕೆ ಬ್ಯಾಟರಿಯ ಕರೆಂಟು ಬರುತ್ತದೆ, 87ರಿಂದ ದೀಪಕ್ಕೆ ಹೋಗುತ್ತದೆ. 85, 86ರ ನಡುವೆ ಒಂದು ಸುರುಳಿ. ಸ್ಟೀರಿಂಗ್ ಪಕ್ಕದ ಸ್ವಿಚ್ಚು ಆ ಸುರುಳಿಗೆ ಮಾತ್ರ ಕರೆಂಟು ಕೊಡುತ್ತದೆ, ಅದೂ ಒಂದು ಆಂಪಿಯರಿಗಿಂತ ಎಷ್ಟೋ ಕಡಿಮೆ. ಸುರುಳಿ ಅಯಸ್ಕಾಂತವಾಗಿ ಒಳಗಿನ ಪಟ್ಟಿಯನ್ನು ಎಳೆದಾಗ ‘ಟಿಕ್’ ಎಂದು ಸದ್ದು. ದೀಪ ಉರಿಸುವ ಭಾರೀ ಕರೆಂಟು ಸ್ವಿಚ್ಚಿನವರೆಗೆ ಬರುವುದೇ ಇಲ್ಲ. ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ದೀಪಕ್ಕೆ ಹತ್ತಿರದ ದಾರಿ ಹಿಡಿಯುತ್ತದೆ. ಎಸ್ಕಾರ್ಟ್‌ನಿಂದ ಬಂದ ಹಳೆಯ ಡಿಪ್ಪರ್ ಕಡ್ಡಿ ಇನ್ನೊಂದು ಆಯುಷ್ಯ ಬಾಳುತ್ತದೆ.

ಫ್ಯೂಸ್ ಬಾಕ್ಸಿನಲ್ಲಿ ಹೆಡ್‌ಲೈಟುಗಳಿಗೆಂದೇ ನಾಲ್ಕು ಮನೆ: ಎಡ ಡಿಮ್, ಬಲ ಡಿಮ್, ಎಡ ಬ್ರೈಟ್, ಬಲ ಬ್ರೈಟ್. ಒಂದೇ ಫ್ಯೂಸಿನಲ್ಲಿ ಎರಡನ್ನೂ ನಡೆಸಬಹುದಿತ್ತು. ಆದರೆ ಒಂದು ವೈರು ಎಲ್ಲೋ ಉಜ್ಜಿ ಶಾರ್ಟ್ ಆದ ರಾತ್ರಿ, ತಿರುವಿನ ನಡುವೆ ಎರಡೂ ದೀಪ ಒಮ್ಮೆಗೇ ಆರಿಹೋಗುತ್ತವೆ. ಹಿರಿಯರು ಯೌವನದಲ್ಲಿ ಹಾಗೊಂದು ಕತ್ತಲನ್ನು ಕಂಡವರು. ಬೇಲಿಗೆ ಗುದ್ದಿ ಬದುಕಿದ ಕತೆಯನ್ನು ಎರಡೇ ಮಾತಿನಲ್ಲಿ ಮುಗಿಸಿ, ನಾಲ್ಕನೆಯ ಫ್ಯೂಸನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

ವೈರಿನ ತುದಿಗೆ ಬೆಸುಗೆ ಹಾಕುವುದನ್ನು ಇಬ್ಬರೂ ಒಪ್ಪುವುದಿಲ್ಲ. ಬೆಸುಗೆ ಹಾಕಿದಲ್ಲಿ ತಂತಿಯ ಎಳೆಗಳು ಒಂದಾಗಿ ಬಿರುಸಾಗುತ್ತವೆ. ಗಾಡಿಯ ನಡುಕಕ್ಕೆ ಬಿರುಸು ಮುಗಿದು ಮೆದು ಶುರುವಾಗುವ ಜಾಗದಲ್ಲೇ ಅವು ಒಂದೊಂದಾಗಿ ಮುರಿಯುತ್ತವೆ. ಆದ್ದರಿಂದ ತುದಿಗೆ ಥಿಂಬಲ್ ಎಂಬ ಲೋಹದ ಟೋಪಿ ಹಾಕಿ ಇಕ್ಕಳದಿಂದ ಒತ್ತುವುದು, ಆಮೇಲೆ ಜಗ್ಗಿ ನೋಡುವುದು. ಕೈಗೆ ಬಂದರೆ ಬಿಸಾಡಿ ಹೊಸದು. ಅಲ್ಯೂಮಿನಿಯಂ ತಗಡನ್ನು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೋಮೆಟ್. ಆ ತಗಡಿನ ಅಂಚು ಬ್ಲೇಡಿನಂತೆ. ಇನ್ಸುಲೇಷನ್ನನ್ನು ಕೊಯ್ಯಲು ಅದಕ್ಕೆ ಒಂದು ಮಳೆಗಾಲ ಸಾಕು.

ಚಹಾ ಬಂತು. ಆಮೇಲೆ ಅರ್ತಿನ ಸರದಿ. ನಾನು ಕಾಯುತ್ತಿದ್ದದ್ದೂ ಇದಕ್ಕೇ.

ಕಾರಿನಲ್ಲಿ ದೀಪಕ್ಕೆ ಹೋಗುವ ವೈರನ್ನು ಎಲ್ಲರೂ ನೋಡುತ್ತಾರೆ. ಮರಳಿ ಬರುವ ದಾರಿಯನ್ನು ನೋಡುವವರು ಕಡಿಮೆ. ಕಾರ್ಖಾನೆಯ ಕಾರಿನಲ್ಲಿ ಉಕ್ಕಿನ ಬಾಡಿಯೇ ಆ ದಾರಿ. ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಆ ದಾರಿ ಹೆಜ್ಜೆಹೆಜ್ಜೆಗೂ ಕಡಿದಿರುತ್ತದೆ. ಇಲ್ಲಿ ಮಡ್‌ಗಾರ್ಡು ಫೈಬರ್ ಗ್ಲಾಸಿನದು, ಕರೆಂಟು ಹರಿಯುವುದಿಲ್ಲ. ಅದರ ಮೇಲೆ ಕೂರಿಸಿದ ಇಂಡಿಕೇಟರಿಗೆ ಬೇರೆಯೇ ಕಪ್ಪು ವೈರು ಬೇಕು. ಚೌಕಟ್ಟು ಉಕ್ಕಿನದೇನೋ ಹೌದು, ಆದರೆ ಅದರ ಮೇಲೆ ದಪ್ಪನೆಯ ಪೌಡರ್ ಕೋಟಿಂಗ್ ಇದೆ. ಬೋಲ್ಟು ಎಷ್ಟು ಬಿಗಿದರೂ ಬಣ್ಣದ ಮೇಲೆ ಕೂತ ಥಿಂಬಲ್ಲಿಗೆ ಲೋಹ ಸಿಗುವುದಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ದಿಂಬುಗಳ ಮೇಲೆ. ಅಲ್ಲಿಂದ ಚೌಕಟ್ಟಿಗೆ ದಪ್ಪ ಅರ್ತ್ ಪಟ್ಟಿ ಹಾಕದೆ ಮರೆತರೆ, ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ಮರಳಲು ಸಿಕ್ಕ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹರಿದು ಅದನ್ನು ಕೆಂಪಗೆ ಕಾಯಿಸಿದ ಪ್ರಸಂಗಗಳು ಈ ಹವ್ಯಾಸಿಗಳ ವಲಯದಲ್ಲಿ ಎಲ್ಲರಿಗೂ ಗೊತ್ತು.

ಅರ್ತ್ ಸರಿಯಿಲ್ಲದ ಕಾರು ವಿಚಿತ್ರವಾಗಿ ವರ್ತಿಸುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಅದರ ತಾಳಕ್ಕೆ ಮಂಕಾಗಿ ಕುಣಿಯುತ್ತದೆ. ಕರೆಂಟಿಗೆ ತನ್ನ ದಾರಿ ಮುಚ್ಚಿದ್ದರಿಂದ ಪಕ್ಕದ ಬಲ್ಬಿನ ಫಿಲಮೆಂಟಿನ ಮೂಲಕ ನುಸುಳಿ ಬ್ಯಾಟರಿಗೆ ಮರಳುತ್ತಿದೆ, ಅಷ್ಟೇ. ಆದರೆ ಅದು ತಿಳಿಯದವರು ಸ್ವಿಚ್ಚು ಬದಲಿಸುತ್ತಾರೆ, ಫ್ಲಾಷರ್ ಬದಲಿಸುತ್ತಾರೆ, ಬಲ್ಬು ಬದಲಿಸುತ್ತಾರೆ. ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಹಿರಿಯರು ಹೆಡ್‌ಲೈಟಿನ ಹತ್ತಿರ ಚೌಕಟ್ಟಿನ ಒಂದು ಜಾಗ ಆರಿಸಿ, ಎಮರಿ ಕಾಗದದಿಂದ ಬಣ್ಣವನ್ನು ಉಜ್ಜತೊಡಗಿದರು. ಕರಿಯ ಪುಡಿ ಉದುರಿ, ಒಂದು ರೂಪಾಯಿ ನಾಣ್ಯದಗಲ ಉಕ್ಕು ಬೆಳ್ಳಗೆ ಹೊಳೆಯಿತು. ಕಪ್ಪು ವೈರುಗಳ ಥಿಂಬಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲಿರುವ ವಾಷರ್ ಇಟ್ಟು ಬೋಲ್ಟು ಬಿಗಿದು, ಮೇಲೆ ವ್ಯಾಸಲಿನ್ ಬಳಿದರು. ತೇವ ಒಳಹೋಗಬಾರದು, ತುಕ್ಕು ಹಿಡಿಯಬಾರದು. ಆ ಪುಟ್ಟ ಬೋಲ್ಟಿನ ಮೇಲೆ ಅವರು ಕಳೆದ ಹೊತ್ತು, ಉಳಿದ ಯಾವ ಜೋಡಣೆಯ ಮೇಲೂ ಕಳೆದದ್ದಲ್ಲ.

ಸ್ವಿಚ್ಚುಗಳ ವಿಷಯದಲ್ಲಿ ಅಪ್ಪ ಮಗಳಿಗೆ ಭಿನ್ನಾಭಿಪ್ರಾಯ. ವಿಮಾನದಲ್ಲಿರುವಂಥ ಉಕ್ಕಿನ ಟಾಗಲ್ ಸ್ವಿಚ್ಚುಗಳ ಸಾಲು ಬೇಕೆಂದು ಅಪ್ಪನಿಗೆ ಆಸೆ. ಮಗಳು ಬೇಡವೆನ್ನುತ್ತಾಳೆ. ಕಾರಣ, ರಸ್ತೆಗಿಳಿಯುವ ಮೊದಲು ಇಂಥ ಒಂಟಿ ಕಾರುಗಳು ಐವಿಎ ಎಂಬ ಸರ್ಕಾರಿ ತಪಾಸಣೆ ಪಾಸಾಗಬೇಕು. 2009ರಿಂದ ನಡೆದುಬಂದಿರುವ ಈ ತಪಾಸಣೆಯಲ್ಲಿ ಕೂತವರ ತಲೆ ಬಡಿಯಬಹುದಾದ ಕಡೆ ಚೂಪಾದ ಯಾವುದೂ ಇರಕೂಡದು. ಅಂಚುಗಳಿಗೆ ಕನಿಷ್ಠ ಎರಡೂವರೆ ಮಿಲಿಮೀಟರ್ ದುಂಡು ಬೇಕು. ಡಿಮ್ ದೀಪ ನೆಲದಿಂದ 500ರಿಂದ 1200 ಮಿಲಿಮೀಟರ್ ಎತ್ತರದೊಳಗೆ ಇರಬೇಕು. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. ಬ್ರೈಟ್ ಉರಿಯುವಾಗ ಚಾಲಕನ ಮುಂದೆ ನೀಲಿ ದೀಪ ಹೊತ್ತಬೇಕು. ಹಜಾರ್ಡ್ ಸ್ವಿಚ್ಚು ಕೀ ತೆಗೆದಿದ್ದರೂ ಕೆಲಸ ಮಾಡಬೇಕು. ವೈರುಗಳನ್ನು 300 ಮಿಲಿಮೀಟರಿಗೊಮ್ಮೆ ಹಿಡಿದು ಕಟ್ಟಿರಬೇಕು. ಕೊನೆಗೆ ಮಗಳೇ ಗೆದ್ದಳು; ಒತ್ತಿದರೆ ಎರಡು ಬದಿಗೆ ವಾಲುವ ಚಪ್ಪಟೆ ಸ್ವಿಚ್ಚುಗಳು ಹಲಗೆಯಲ್ಲಿ ಕೂತವು.

ಎಂಟು ಗಂಟೆಯ ಹೊತ್ತಿಗೆ ಬ್ಯಾಟರಿಯ ಮೈನಸ್ ಮತ್ತೆ ಕೂತಿತು. ಹೊಗೆ ಬರುತ್ತದೆಯೇ ಎಂದು ಮೂವರೂ ಮೂಗು ಚುರುಕು ಮಾಡಿ ನಿಂತೆವು. ಮೊದಲ ಒತ್ತಿಗೆ ಪಾರ್ಕಿಂಗ್ ಲೈಟು. ಎರಡನೆಯದಕ್ಕೆ ಗೋಡೆಯಿಂದ ‘ಟಿಕ್’; ಗ್ಯಾರೇಜಿನ ಬಾಗಿಲಿನ ಮೇಲೆ ಎರಡು ಬಿಳಿಯ ಬೆಳಕಿನ ಹಾಸು, ಎಡಕ್ಕೆ ಮೆಲ್ಲನೆ ಏರಿದ ಅಂಚು. ಕಡ್ಡಿ ಎಳೆದಾಗ ಇನ್ನೊಂದು ‘ಟಿಕ್’, ಬೆಳಕು ಸೂರಿಗೆ ಜಿಗಿಯಿತು. ಮಗಳು ಮಲ್ಟಿಮೀಟರಿನ ಮುಳ್ಳುಗಳನ್ನು ದೀಪದ ಬೆನ್ನಿಗೆ ಹಿಡಿದು, ಆಮೇಲೆ ಬ್ಯಾಟರಿಗೆ ಹಿಡಿದು, ಎರಡು ಸಂಖ್ಯೆಗಳ ನಡುವಿನ ಅಂತರ ಓದಿದಳು. ಕಾಲು ವೋಲ್ಟೂ ಇರಲಿಲ್ಲ. ಹಿರಿಯರು ಮಾತಾಡಲಿಲ್ಲ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತರು.

ನಮ್ಮ ಕರ್ನಾಟಕದಲ್ಲಿ ಹೀಗೆ ಮನೆಯಲ್ಲಿ ಕಟ್ಟಿದ ಒಂಟಿ ಕಾರನ್ನು ರಸ್ತೆಗೆ ನೋಂದಾಯಿಸುವ ಸುಲಭ ದಾರಿಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ತಯಾರಕರ ಮಾದರಿಯನ್ನು ಪರೀಕ್ಷೆಗೊಪ್ಪಿಸಿ ಒಪ್ಪಿಗೆ ಪಡೆಯುವ ವ್ಯವಸ್ಥೆಯನ್ನಷ್ಟೇ ಹೇಳುತ್ತವೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬಾಹಾ ಎಸ್‌ಎಇ ಇಂಡಿಯಾದಂಥ ಸ್ಪರ್ಧೆಗಳಿಗೆ ಚೌಕಟ್ಟು ಬೆಸೆದು ಗಾಡಿ ಕಟ್ಟುತ್ತಾರೆ. ಅವರ ವೈರಿಂಗು ಬ್ರೇಕ್ ಲೈಟು, ಕಿಲ್ ಸ್ವಿಚ್ಚುಗಳಾಚೆ ಹೆಚ್ಚು ಹೋಗುವುದಿಲ್ಲ. ಬ್ರಿಟನ್ನಿನಂತೆ ಒಂದೊಂದೇ ಕಾರನ್ನು ಕಟ್ಟುನಿಟ್ಟಾಗಿ ತಪಾಸಣೆ ಮಾಡಿ ಬಿಡುವ ಏರ್ಪಾಡು ನಮ್ಮಲ್ಲೂ ಬಂದರೆ ಈ ಹುಡುಗರ ಕೈಗೆ ಪೂರ್ತಿ ಕಾರಿನ ವಿದ್ಯೆ ದಕ್ಕುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಅರ್ತಿನ ಬೋಲ್ಟು, ರಿಲೇ, ವೈರಿನ ದಪ್ಪ ಕಟ್ಟಿದ ಕಾರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡ ಎಷ್ಟೋ ಜನ ದೀಪ ಮಂಕಾಯಿತೆಂದು 100/90 ವ್ಯಾಟಿನ ಬಲ್ಬು ತಂದು, ಹಳೆಯ ತೆಳು ವೈರಿಗೆ, ರಿಲೇ ಇಲ್ಲದೆ ಹಾಕಿಸುತ್ತಾರೆ. ಬ್ರೈಟಿನಲ್ಲಿ ಆಗ ಹರಿಯುವುದು ಹದಿನಾರು ಆಂಪಿಯರಿಗೂ ಮೇಲೆ. ಹೋಲ್ಡರ್ ಕರಗುತ್ತದೆ, ಸ್ವಿಚ್ಚು ಸುಡುತ್ತದೆ, ಎದುರಿನವರ ಕಣ್ಣು ಕುರುಡಾಗುತ್ತದೆ. ಎಂಟು ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕೋರೈಸಬಾರದೆಂದು ನಮ್ಮ ನಿಯಮವೇ ಹೇಳುತ್ತದೆ. ದಯವಿಟ್ಟು ಬಲ್ಬು ಬದಲಿಸುವ ಮೊದಲು ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಕೆಲಸ ಮಾಡಿಸಿ: ಹೆಡ್‌ಲೈಟಿನ ಅರ್ತ್ ಬೋಲ್ಟು ಬಿಚ್ಚಿಸಿ ತುಕ್ಕು ಉಜ್ಜಿಸಿ, ದೀಪದ ಬೆನ್ನಿನಲ್ಲಿ ವೋಲ್ಟೇಜು ಅಳೆಸಿ, ರಿಲೇ ಇಲ್ಲದಿದ್ದರೆ ಹಾಕಿಸಿ. ಹಳೆಯ 60/55 ಬಲ್ಬೇ ಸಾಕೆನಿಸುತ್ತದೆ.